ಕಾಣೆಯಾದ ಗುಡುಗು

ಕಳವಾದದ್ದು ಒಂದು ಶಬ್ದ.

ಪೊಲೀಸರ ಮುಂದೆ ಹೋಗಿ ಹೇಳಿದರೆ ನಕ್ಕು ಕಳಿಸುವಂಥದ್ದು. ಆದರೂ ಕಳವು ಕಳವೇ. ಮಂಗಳವಾರ ಮಧ್ಯಾಹ್ನ, ಕಾರಿಗೆ ಸ್ಪೀಕರ್ ಕೂರಿಸುವ ಅಂಗಡಿಯ ಶೆಡ್ಡಿನಲ್ಲಿ, ನನ್ನ ಕಾರಿನೊಳಗೇ ಕೂತು, ಆ ಶಬ್ದವನ್ನು ನಾನು ಕೇಳಿದ್ದೆ. ಹಿಂದಿನಿಂದ ಎದ್ದು ಬಂದು ಬೆನ್ನುಮೂಳೆಯನ್ನು ಒಂದೊಂದಾಗಿ ಎಣಿಸಿಕೊಂಡು ಹೋಗುವ ಗುಡುಗು. ಮುಂದಿನ ಕನ್ನಡಿ ನಡುಗಿ ಅದರೊಳಗಿನ ನನ್ನ ಮುಖ ಎರಡಾಗಿತ್ತು. ಶುಕ್ರವಾರ ಬೆಳಿಗ್ಗೆ ಅದೇ ಕಾರು, ಅದೇ ಹಾಡು, ಡಿಕ್ಕಿಯಲ್ಲಿ ಕೂತು ಗುಡುಗಬೇಕಾದ ಅದೇ ಹೊಸ ಸಬ್‌ವೂಫರ್ ಸ್ಪೀಕರು. ಕನ್ನಡಿಯಲ್ಲಿ ಮುಖ ಒಂದೇ. ಬಹಳ ಸ್ಪಷ್ಟವಾಗಿತ್ತು. ಮೋಸ ಹೋದವನ ಮುಖ.

ನಡುವಿನ ಮೂರು ದಿನ ನಾನು ಸುಮ್ಮನಿರಲಿಲ್ಲ. ಹಾಡು ಬದಲಿಸಿದೆ, ಕಿಟಕಿ ಏರಿಸಿದೆ, ಕಿವಿ ತೊಳೆದುಕೊಂಡೆ.

“ಮೊದಲೆಲ್ಲ ನಿಮ್ಮ ಕಾರು ತಿರುವಿಗೆ ಬಂದ್ರೆ ಅಡುಗೆಮನೆ ಪಾತ್ರೆಗಳು ಹೇಳ್ತಿದ್ವು,” ಎಂದಳು ಹೆಂಡತಿ. “ಈಗ ಬೆಕ್ಕು ಕೂಡ ತಲೆ ಎತ್ತಲ್ಲ. ಹೀಗೇ ಇರ್ಲಿ ಬಿಡಿ.”

ಅವಳಿಗೇನು? ನಾನು ಹಲ್ಲಿನ ಸೆಟ್ಟು ತಯಾರಿಸುವವನು. ದಿನವಿಡೀ ಪ್ಲಾಸ್ಟರಿನ ಅಚ್ಚು, ಉಜ್ಜುವ ಯಂತ್ರದ ಕಿರ್ರ್. ತಯಾರಾದ ಹಲ್ಲುಗಳನ್ನು ದಂತವೈದ್ಯರಿಗೆ ತಲುಪಿಸುವ ಎರಡು ಗಂಟೆಯ ಓಡಾಟವೊಂದೇ ನನ್ನದು. ಆ ಹೊತ್ತಿನಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ, ಕರೆದರೂ ಕೇಳಿಸುವುದಿಲ್ಲ. ಹಳೆಯ ಸಬ್‌ವೂಫರಿನ ಕೋನ್ ಅಂಚು ಹರಿದು, ತಗಡಿನ ಡಬ್ಬಕ್ಕೆ ಸಿಕ್ಕಿಕೊಂಡ ದುಂಬಿಯ ಹಾಗೆ ಗೊರಗುಟ್ಟತೊಡಗಿದ ಮೇಲೆ, ಅದರ ಜಾಗಕ್ಕೆ ಇನ್ನೊಂದನ್ನು ಆರಿಸಲು ನಾನು ಅಂಗಡಿಗೆ ಹೋದದ್ದು. ಕಪ್ಪು, ಬೂದು ಎರಡು ತೋರಿಸಿದರು; ಕಪ್ಪನ್ನು ಆರಿಸಿದೆ. ಹಣ ಕೊಟ್ಟೆ. ಗುಡುಗು ಮಾತ್ರ ಮನೆಗೆ ಬರಲಿಲ್ಲ.

ಶುಕ್ರವಾರ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತೆ.

ಅಂಗಡಿಯಲ್ಲಿ ಮೂರೇ ಜನ. ಮಾಲೀಕ, ಗರಿಗರಿ ಅಂಗಿಯ ಮನುಷ್ಯ. ನಗುವಾಗ ಹಲ್ಲು ತೋರಿಸುವುದಿಲ್ಲ. ನನ್ನ ಕಸುಬಿನವರಿಗೆ ಅದೊಂದು ಅನುಮಾನದ ವಿಷಯವೇ, ಆದರೆ ಅಂದು ನನ್ನ ಅನುಮಾನ ಬೇರೆ ಕಡೆ ಇತ್ತು. ಅವನ ಬಾಮೈದ, ಮಾರಾಟಕ್ಕೆ ನಿಂತವನು. ಬಾಯಿ ಬಿಟ್ಟರೆ ಮುಚ್ಚಲು ಬೇರೆಯವರ ನೆರವು ಬೇಕು. ಮೂರನೆಯವನು ಫಿಟ್ಟರ್. ವಯಸ್ಸು ಐವತ್ತರ ಆಸುಪಾಸು. ಏನು ಕೇಳಿದರೂ ಅವನ ಉತ್ತರ “ಹೂಂ”. ಅದಕ್ಕೇ ಗಿರಾಕಿಗಳೆಲ್ಲ ಅವನನ್ನು ಹೂಂ ಮೇಸ್ತ್ರಿ ಎನ್ನುತ್ತಿದ್ದರು.

“ಸ್ಪೀಕರ್ ಡಬ್ಬದೊಳಗೆ ಬೇರೆ ಏನೋ ಇದೆ,” ಎಂದೆ ಮಾಲೀಕನಿಗೆ. “ನಾನು ಕೇಳಿ ಆರಿಸಿದ್ದು ಇದಲ್ಲ.”

ಆತ ಆಶ್ಚರ್ಯಪಡಲಿಲ್ಲ. ನಿಟ್ಟುಸಿರು ಬಿಟ್ಟ.

“ನನಗೆ ಅನುಮಾನ ಇತ್ತು ಸರ್. ಈ ತಿಂಗಳಲ್ಲಿ ಇದು ಮೂರನೇ ದೂರು.” ಶೆಡ್ಡಿನ ಕಡೆ ಕೂಗಿದ. “ಏನಯ್ಯಾ, ಬಾ ಇಲ್ಲಿ! ಸರ್ ಕಾರಿಗೆ ಏನು ಹಾಕಿದೆ?”

“ಅವರು ತಗೊಂಡಿದ್ದನ್ನೇ,” ಎಂದ ಫಿಟ್ಟರ್.

“ಮತ್ತೆ ಆ ಸೌಂಡ್ ಎಲ್ಲಿ ಹೋಯ್ತು?”

“ಗೊತ್ತಿಲ್ಲ.”

“ನಿನ್ನನ್ನ ನಂಬಿ ಕಾರು ಬಿಟ್ಟು ಹೋಗಿದ್ದೆ,” ಎಂದೆ ನಾನು. ನನ್ನ ದನಿ ನನಗೇ ಇಷ್ಟವಾಗುವಷ್ಟು ಖಾರವಾಗಿತ್ತು.

ಫಿಟ್ಟರ್ ನನ್ನ ಮುಖ ನೋಡಿದ. ಏನೋ ಹೇಳಲು ಹೊರಟವನ ಹಾಗೆ ತುಟಿ ತೆರೆದು ಮತ್ತೆ ಮುಚ್ಚಿದ.

“ಸಂಜೆ ಶೆಡ್ ಕೀ ಕೌಂಟರ್ ಮೇಲಿಟ್ಟು ಹೊರಡು,” ಎಂದ ಮಾಲೀಕ. “ಹದಿನಾಲ್ಕು ವರ್ಷ ಇಟ್ಕೊಂಡಿದ್ದಕ್ಕೆ ಇದು. ಮಾಲು ಬದಲಾಯಿಸೋನು ಅಂತ ಹೆಸರು ಬಿದ್ದ ಮೇಲೆ ಈ ಊರಲ್ಲಿ ಯಾವ ಶೆಡ್ಡಿನವನು ನಿನ್ನನ್ನ ಒಳಗೆ ಬಿಟ್ಕೋತಾನೆ ನೋಡ್ತೀನಿ.” ನನ್ನ ಕಡೆ ತಿರುಗಿದಾಗ ದನಿ ಬೆಣ್ಣೆ. “ನೀವು ತಲೆ ಕೆಡಿಸ್ಕೋಬೇಡಿ ಸರ್. ಸೋಮವಾರ ಬನ್ನಿ. ಆ ಕಪ್ಪನ್ನ ಇಲ್ಲೇ ಬಿಟ್ಟುಬಿಡಿ. ಸ್ವಲ್ಪ ಮೇಲೆ ಹಾಕಿದ್ರೆ ಬೂದು ಬಣ್ಣದ್ದನ್ನೇ ಕೂರಿಸ್ಕೊಡ್ತೀನಿ.”

ನ್ಯಾಯ ಅಷ್ಟು ಬೇಗ ಸಿಕ್ಕ ಸಂತೋಷದಲ್ಲಿ ಮನೆಗೆ ಬಂದೆ. ಬಂದವನು ಚಿಕ್ಕಮ್ಮನ ಮುಂದೆ ಹೇಳಿಕೊಂಡೆ. ಅದೇ ತಪ್ಪಾಯಿತು.

ಚಿಕ್ಕಮ್ಮ ಮೂವತ್ತೊಂದು ವರ್ಷ ವಿಮೆ ಕಂಪನಿಯ ಸರ್ವೇಯರ್ ಆಗಿದ್ದವರು. ಜಜ್ಜಿಹೋದ ಕಾರಿನ ಸುತ್ತ ಒಂದು ಸುತ್ತು ಹಾಕಿ, ಅದು ಮರಕ್ಕೆ ಗುದ್ದಿದ್ದೋ, ಅಥವಾ ಮಾಲೀಕನೇ ಸುತ್ತಿಗೆಯಲ್ಲಿ ಗುದ್ದಿದ್ದೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ಈಗ ನಿವೃತ್ತಿ; ನಮ್ಮ ಮನೆಯ ಮಹಡಿಯಲ್ಲಿ ವಾಸ. ಬಲಗಿವಿ ಪೂರ್ತಿ ರಜೆ. ಎಡಗಿವಿಗೊಂದು ಶ್ರವಣಯಂತ್ರ, ಮಾತು ಬೇಸರವಾದಾಗ ಅದನ್ನು ಸದ್ದಿಲ್ಲದೆ ಆರಿಸಿಬಿಡುತ್ತಾರೆ. ನನ್ನ ಅರ್ಧದಷ್ಟು ಅಭಿಪ್ರಾಯಗಳು ಹೀಗೆಯೇ ವ್ಯರ್ಥವಾಗಿವೆ.

ಅಂದು ಆರಿಸಲಿಲ್ಲ.

“ಕಳ್ಳ ಅರ್ಧ ಗಂಟೇಲಿ ಸಿಕ್ಕಿಬಿದ್ನಾ?” ಎಂದರು. “ನನ್ನ ಸರ್ವೀಸಲ್ಲಿ ಯಾರೂ ಅಷ್ಟು ಬೇಗ ಸಿಕ್ಕಿಲ್ಲಪ್ಪ.”

“ಇನ್ಯಾರು ಚಿಕ್ಕಮ್ಮ? ಶೆಡ್ಡಿನಲ್ಲಿ ಒಬ್ಬನೇ ಕೂತು ಜೋಡಿಸಿದ್ದು ಅವನೇ.”

“ನೀನು ಮಾಡಿಕೊಟ್ಟ ಹಲ್ಲು ಸರಿಯಾಗಿ ಕೂರ್ಲಿಲ್ಲ ಅಂದ್ರೆ? ನೀನು ಅವರ ದವಡೆ ಕದ್ದಿರ್ತೀಯಾ?”

ನಾನು ಕುರ್ಚಿ ಎಳೆದುಕೊಂಡು ಕೂತೆ.

“ಮಂಗಳವಾರ ಆಗಿದ್ದನ್ನ ಮೊದಲಿಂದ ಹೇಳು ಪುಟ್ಟ. ಉಪ್ಪುಖಾರ ಹಚ್ಚಬೇಡ.” ನನಗೆ ನಲವತ್ತಾರು. ಆದರೂ ಪುಟ್ಟ.

ಹೇಳಿದೆ. ಕಾರು ಶೆಡ್ಡಿಗೆ ಹೋದೊಡನೆ ಫಿಟ್ಟರ್ ಮುಂದಿನ ಎಡ ಸೀಟಿನ ಕೆಳಗೆ ಕೈ ಹಾಕಿ, ಅಲ್ಲಿರುವ, ಶಬ್ದಕ್ಕೆ ಬಲ ಕೊಡುವ ಆಂಪ್ಲಿಫೈಯರಿಗೆ ಮೀಟರು ಹಚ್ಚಿ ನೋಡಿದ. ಹಳೆ ಡಬ್ಬ ಬಿಚ್ಚಿಟ್ಟ. “ಆಂಪ್ ಚೆನ್ನಾಗಿದೆ. ಬೂದು ತಗೊಳ್ಳಿ,” ಎಂದ. ಆ ವರ್ಷದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದೇ ಇರಬೇಕು. ತಕ್ಷಣ ಮಾಲೀಕ ಅವನನ್ನು ವೈರು ತರಲು ಬೀದಿಯ ಆ ತುದಿಗೆ ಕಳಿಸಿದ. ಆಮೇಲೆ ಪರೀಕ್ಷೆ. ನಾನು ಚಾಲಕನ ಸೀಟಿನಲ್ಲಿ, ಮಾಲೀಕ ನನ್ನ ಪಕ್ಕದಲ್ಲಿ, ಬಾಮೈದ ಹಿಂದೆ ಡಿಕ್ಕಿಯ ಹತ್ತಿರ. ಮಾಲೀಕನ ಫೋನನ್ನೇ ಬ್ಲೂಟೂತಿನಲ್ಲಿ ಕಾರಿಗೆ ಜೋಡಿಸಿ ಒಂದೇ ಹಾಡನ್ನು ಎರಡು ಸಲ ಹಾಕಿದರು. ಮೊದಲು ಬೂದು, ಆಮೇಲೆ ಕಪ್ಪು.

“ಬೂದು ಹೇಗಿತ್ತು?”

“ಸಪ್ಪೆ. ಡಬ್ಬದ ಜೊತೆ ಕೊಟ್ಟ ಕಾಗದದಲ್ಲಿ ಏನೇನೋ ಬರೆದಿತ್ತು, ಕೂತು ಪೂರ್ತಿ ಓದಿದೆ. ಅಷ್ಟು ಸಪ್ಪೆ ಅಂದ್ರೆ, ಪಕ್ಕದ ಟೈರ್ ಅಂಗಡಿಯವನು ಫೋನಲ್ಲಿ ಯಾರನ್ನೋ ಬೈತಿದ್ದದ್ದು ಒಂದೊಂದು ಪದವೂ ಕೇಳಿಸ್ತು. ಕೆಲವು ಪದ ನನಗೂ ಹೊಸವು.”

“ಕಪ್ಪು?”

“ಅದು ಶುರುವಾಗಿದ್ದೇ ತಡ, ಲೋಕವೇ ಮಾಯ! ಕತ್ತಲೆ, ಗುಡುಗು. ಟೈರ್ ಅಂಗಡಿಯವನು ಸತ್ತನೋ ಬದುಕಿದನೋ ಗೊತ್ತಾಗ್ಲಿಲ್ಲ. ಮಾಲೀಕ ಕನ್ನಡೀನ ನನ್ನ ಮುಖದ ಕಡೆ ತಿರುಗಿಸಿ, ನಡುಗೋದು ನೋಡಿ ಸರ್ ಅಂತ ತೋರಿಸಿದ.”

“ಕನ್ನಡಿ ತಿರುಗಿಸಿದ್ದು ಯಾವಾಗ? ಕಪ್ಪು ಶುರುವಾದ ಮೇಲೋ?”

ಯೋಚಿಸಿದೆ. “ಇಲ್ಲ. ಕೂತ ಕೂಡಲೇ.”

“ಎರಡರ ನಡುವೆ ಏನಾಯ್ತು?”

“ಏನೂ ಇಲ್ಲ. ಮಾಲೀಕನ ಪೆನ್ನು ಬಿತ್ತು, ಬಗ್ಗಿ ಹುಡುಕಿದ. ಆಮೇಲೆ ಕಪ್ಪು. ಆಮೇಲೆ ಬಿಲ್ಲು. ಪೆನ್ನಿದ್ರೆ ಕೊಡಿ ಸರ್ ಅಂದ, ಕೊಟ್ಟೆ, ಬರೆದ. ಅಷ್ಟೇ.”

“ಬಿಲ್ಲು ತಾ.”

ತಂದುಕೊಟ್ಟೆ. ಚಿಕ್ಕಮ್ಮ ಅದನ್ನು ಬೆಳಕಿಗೆ ಹಿಡಿದು ಮೂಲೆಯಲ್ಲಿದ್ದ ಬಿಳಿ ಕಲೆಯ ಮೇಲೆ ಉಗುರಿಟ್ಟರು. “ಇದೇನು?”

“ನನ್ನ ಕೈಯ ಪ್ಲಾಸ್ಟರ್. ನಮ್ಮನೆ ಕರೆಂಟ್ ಬಿಲ್ಲಿನ ಮೇಲೂ ಇರುತ್ತೆ, ಮದುವೆ ಫೋಟೋದ ಮೇಲೂ ಇದೆ.”

“ಪೆನ್ನು?”

ಜೇಬಿನಿಂದ ತೆಗೆದುಕೊಟ್ಟೆ. ಅದರ ಕುತ್ತಿಗೆಯ ಮೇಲೂ ಬಿಳಿ. ಚಿಕ್ಕಮ್ಮ ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದರು.

“ಎಲ್ಲಿಗೆ?”

“ಸಂಜೆಯೊಳಗೆ ಕೀ ಇಡಬೇಕು ಅಂದ್ರಲ್ಲ. ಈಗ ಗಂಟೆ ಮೂರು.”

ನಾವು ಹೋದಾಗ ಫಿಟ್ಟರ್ ಶೆಡ್ಡಿನ ಮೂಲೆಯಲ್ಲಿ ಕೂತು ತನ್ನ ಸಾಮಾನುಗಳನ್ನು ಬಟ್ಟೆಗೆ ಸುತ್ತುತ್ತಿದ್ದ. ಸ್ಕ್ರೂಡ್ರೈವರ್, ಇಕ್ಕಳ, ಮೀಟರು. ಒಂದೊಂದನ್ನೂ ಒರೆಸಿ ಒರೆಸಿ. ಬಾಮೈದ ನಮ್ಮನ್ನು ಕಂಡೊಡನೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಇಲ್ಲಿಂದ ಅಲ್ಲಿಗೆ ಜೋಡಿಸತೊಡಗಿದ. ಬಾಯಿ ಮುಚ್ಚಿತ್ತು. ಅವನ ವಿಷಯದಲ್ಲಿ ಅದು ಅನುಮಾನಕ್ಕೆ ಸಾಕಾಗುವಷ್ಟು ಸಾಕ್ಷಿ.

“ಮೇಡಂ ಬಂದ್ರಾ, ಕೂತ್ಕೊಳ್ಳಿ,” ಎಂದ ಮಾಲೀಕ. “ಸೋಮವಾರ ಅಂದಿದ್ದೆ ಸರ್ ನಾನು.”

“ಸೋಮವಾರಕ್ಕೆ ಈ ಫಿಟ್ಟರ್ ಇರಲ್ವಲ್ಲ,” ಎಂದರು ಚಿಕ್ಕಮ್ಮ. “ಅವರ ಕೈಲೇ ಡಬ್ಬ ಬಿಚ್ಚಿಸಬೇಕು. ಒಳಗೆ ಏನು ಸೇರಿಸಿದ್ದಾರೆ ನೋಡೋಣ.”

ಮಾಲೀಕ ಬೇಡವೆನ್ನುವ ಮೊದಲೇ ಫಿಟ್ಟರ್ ಎದ್ದಿದ್ದ. ಎಂಟು ತಿರುಪು. ಕಪ್ಪು ಸಬ್‌ವೂಫರ್ ಹೊರಬಂತು. ಚಿಕ್ಕಮ್ಮ ಕನ್ನಡಕ ಏರಿಸಿ ಅದರ ಬೆನ್ನಿನ ಅಯಸ್ಕಾಂತದ ಮೇಲೆ ಕೊರೆದಿದ್ದ ಸಂಖ್ಯೆಯನ್ನು ಬಿಲ್ಲಿನ ಸಂಖ್ಯೆಯ ಜೊತೆ ಒಂದೊಂದೇ ಅಂಕಿಯಾಗಿ ತಾಳೆ ನೋಡಿದರು. ಅಂಚಿನ ಅಂಟು, ತಂತಿಯ ಬೆಸುಗೆ— ಎಲ್ಲಕ್ಕೂ ಬೆರಳಾಡಿಸಿದರು.

“ಇದೇ ಅದು,” ಎಂದರು. “ಯಾರೂ ಏನನ್ನೂ ಬದಲಾಯಿಸಿಲ್ಲ.”

“ಹಾಗಾದ್ರೆ ಕಳವಾಗಿದ್ದೇನು?” ಎಂದೆ.

“ಅದನ್ನೇ ಕೇಳ್ಬೇಕು.” ಫಿಟ್ಟರ್ ಕಡೆ ತಿರುಗಿದರು. “ನೀವು ಆಂಪ್ ನೋಡಿದ್ದು ಯಾವಾಗ?”

“ಮೊದಲೇ. ಪರೀಕ್ಷೆಗೆ ಮುಂಚೆ.”

“ನೋಡಿ ಏನು ಮಾಡಿದ್ರಿ?”

“ಶಬ್ದದ ಬಲ ಹೊಂದಿಸೋ ಗೇನ್ ತಿರುಪನ್ನ ಮೀಟರಿಗೆ ತಕ್ಕ ಹಾಗೆ ನಿಲ್ಲಿಸ್ದೆ. ಅದಕ್ಕಿಂತ ಮೇಲೆ ಹೋದ್ರೆ ಶಬ್ದ ಜಾಸ್ತಿಯಾಗುತ್ತೆ, ಸ್ಪೀಕರಿನ ಕಾಯಿಲ್ ಸುಟ್ಟೋಗುತ್ತೆ. ನಿಲ್ಲಿಸಿದ ಮೇಲೆ ಚುಕ್ಕೆ ಇಟ್ಟೆ.”

“ಚುಕ್ಕೆ?”

ಫಿಟ್ಟರ್ ಬಟ್ಟೆಯ ಗಂಟಿನಿಂದ ಎರಡು ಸೀಸೆ ತೆಗೆದ. ಒಂದು, ಹೆಣ್ಣುಮಕ್ಕಳು ಉಗುರಿಗೆ ಹಚ್ಚುವ ಬಿಳಿ ಬಣ್ಣ. ಇನ್ನೊಂದು, ಅದನ್ನು ಅಳಿಸುವ ದ್ರವ. “ಮಗಳದ್ದು. ತಿರುಪಿನ ಮೇಲೆ ಒಂದು ಚುಕ್ಕೆ, ಅದರ ಎದುರಿಗೆ ಆಂಪ್ ಮೇಲೆ ಒಂದು. ಎರಡೂ ಎದುರುಬದುರು ಇದ್ರೆ ಸರಿ. ಸರಿದಿದ್ರೆ ಯಾರೋ ಮುಟ್ಟಿದ್ದಾರೆ ಅಂತ.”

“ವೈರು ತಂದು ವಾಪಸ್ ಬಂದಾಗ ಎದುರುಬದುರು ಇತ್ತಾ?”

“ಇರ್ಲಿಲ್ಲ. ತಿರುಪು ಪೂರ್ತಿ ಮೇಲಕ್ಕೆ ಹೋಗಿತ್ತು. ಬಣ್ಣ ಒಣಗೋ ಮೊದಲೇ ಯಾರೋ ತಿರುಗಿಸಿದ್ರು. ಹಸಿ ಬಣ್ಣ ಉಜ್ಜಿಹೋಗಿತ್ತು. ಅಳಿಸಿ, ಮತ್ತೆ ಇಳಿಸಿ, ಹೊಸ ಚುಕ್ಕೆ ಇಟ್ಟೆ.”

ನಾನು ಅವನ ಹತ್ತಿರ ಸರಿದೆ. “ಇದನ್ನ ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?”

“ನೀವೇ ತಿರುಗಿಸಿದ್ದೀರಿ ಅಂದ್ಕೊಂಡೆ ಸರ್. ಎಲ್ಲ ಗಿರಾಕಿಗಳೂ ತಿರುಗಿಸ್ತಾರೆ. ಹೇಳಿದ್ರೆ ಬೇಜಾರು ಮಾಡ್ಕೋತಾರೆ.” ಸ್ವಲ್ಪ ತಡೆದು ಸೇರಿಸಿದ. “ಯಾರೂ ಕೇಳ್ಲೂ ಇಲ್ಲ.”

ನಾನು ತಿರುಗಿಸಿರಲಿಲ್ಲ. ಆ ತಿರುಪು ಎಲ್ಲಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಉಳಿದವರು ಇಬ್ಬರು. ನನ್ನ ಕಣ್ಣು ತಾನಾಗಿ ಬಾಮೈದನ ಕಡೆ ಹೊರಳಿತು. ಅವನು ಅದೇ ಪೆಟ್ಟಿಗೆಯನ್ನು ಮೂರನೆಯ ಸಲ ಎತ್ತಿಡುತ್ತಿದ್ದ.

“ಕಪ್ಪು ಒಂದು ಮಾರಿದ್ರೆ ನಿಮಗೆ ಏನಾದ್ರೂ ಸಿಗುತ್ತಾ?” ಚಿಕ್ಕಮ್ಮ ಅವನನ್ನೇ ಕೇಳಿದರು.

“ಅಯ್ಯೋ, ಬೂದು ಮಾರಿದ್ರೂ ಸಿಗುತ್ತೆ ಮೇಡಂ, ಹಾಗೇನಿಲ್ಲ, ಎರಡೂ ಒಳ್ಳೆ ಮಾಲೇ, ಒಂದಕ್ಕಿಂತ ಒಂದು—”

“ಮಂಗಳವಾರ ಡಿಕ್ಕಿ ಹತ್ರ ನಿಂತಿದ್ದೋರು ನೀವೇ ತಾನೆ?”

ಬಾಯಿ ಮತ್ತೆ ಮುಚ್ಚಿತು. ಕಣ್ಣು ಒಮ್ಮೆ ಭಾವನ ಕಡೆ ಹೋಗಿ ಬಂತು.

“ಹೋಗ್ಲಿ ಬಿಡಿ,” ಎಂದರು ಚಿಕ್ಕಮ್ಮ. “ಪರೀಕ್ಷೆಯನ್ನೇ ಇನ್ನೊಂದು ಸಲ ಮಾಡೋಣ. ಅದೇ ಕಾರು, ಅದೇ ಫೋನು, ಅದೇ ಹಾಡು. ಯಜಮಾನ್ರೇ, ನಿಮ್ಮ ಫೋನ್ ಜೋಡಿಸಿ.”

“ಇದೆಲ್ಲ ಯಾಕೆ ಮೇಡಂ? ನಿಮಗೆ...” ಮಾಲೀಕ ತನ್ನ ಕಿವಿಯತ್ತ ಬೆರಳು ತೋರಿಸಿ ನಯವಾಗಿ ನಿಲ್ಲಿಸಿದ.

“ಕೇಳಿಸಲ್ಲ. ಅದಕ್ಕೇ ನಾನು ನೋಡ್ತೀನಿ.”

ಚಿಕ್ಕಮ್ಮ ಶ್ರವಣಯಂತ್ರವನ್ನು ತೆಗೆದು ಕೈಚೀಲಕ್ಕೆ ಹಾಕಿದರು. ನೀರಿನ ಬಾಟಲಿಯ ಮುಚ್ಚಳಕ್ಕೆ ಅಂಚಿನವರೆಗೆ ನೀರು ತುಂಬಿ, ಗಾಜಿನ ಮುಂದೆ ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಹಿಂದಿನ ಸೀಟಿನಲ್ಲಿ ಕೂತು ಎರಡೂ ಅಂಗೈಯನ್ನು ಸೀಟಿನ ಮೇಲೆ ಊರಿದರು. ನಾನು ಚಾಲಕನ ಸೀಟಿನಲ್ಲಿ. ಮಾಲೀಕನನ್ನು ಈ ಸಲ ಒಳಗೆ ಕೂರಿಸಲಿಲ್ಲ. ಫಿಟ್ಟರ್ ತಿರುಪನ್ನು ಚುಕ್ಕೆಗೆ ಚುಕ್ಕೆ ತಾಗುವಂತಿಟ್ಟ. ಕಪ್ಪನ್ನು ಮರಳಿ ಡಬ್ಬಕ್ಕೆ ಕೂರಿಸಿದ. ಎಲ್ಲ ಬಾಗಿಲು ಮುಚ್ಚಿತು.

ಹಾಡು ಶುರುವಾಯಿತು. ನನ್ನ ಮೂರು ದಿನದ ಅದೇ ಸಾಧಾರಣ ಸದ್ದು. ಮುಚ್ಚಳದ ನೀರು ಸಣ್ಣಗೆ ಕದಲಿತು.

ಆಮೇಲೆ ಬೂದು, ತಿರುಪು ಅದೇ ಚುಕ್ಕೆಯಲ್ಲಿ, ಬಾಗಿಲು ಹಾಗೇ ಮುಚ್ಚಿ. ನೀರು ಹೆಚ್ಚುಕಡಿಮೆ ಅಷ್ಟೇ ಕದಲಿತು. ಆದರೆ ನನ್ನ ಕೈ ತಾನಾಗಿ ಸ್ಟಿಯರಿಂಗ್ ಬಿಟ್ಟಿತು. ಆ ಹಾಡಿನಲ್ಲಿ ತಂತಿಯ ವಾದ್ಯವೊಂದು ಕೆಳಗಿನ ಸ್ವರಗಳಲ್ಲಿ ಮೆಟ್ಟಿಲಿಳಿಯುವಂತೆ ಇಳಿಯುತ್ತದೆ ಎಂಬುದು ನಾಲ್ಕು ವರ್ಷದಿಂದ ಅದನ್ನೇ ಕೇಳುತ್ತಿದ್ದ ನನಗೆ ಆವತ್ತೇ ಗೊತ್ತಾದದ್ದು.

ಚಿಕ್ಕಮ್ಮ ಹಿಂದಿನಿಂದ ಗಟ್ಟಿಯಾಗಿ ಹೇಳಿದರು. ಕೇಳಿಸದವರು ಹೇಳುವಷ್ಟು ಗಟ್ಟಿಯಾಗಿ. “ಕಪ್ಪು ಎಲ್ಲದಕ್ಕೂ ಒಂದೇ ಥರ ನೂಕುತ್ತೆ ಪುಟ್ಟ! ಬಸ್ಸಲ್ಲಿ ಹಿಂದೆ ನಿಂತಿರೋನ ಹಾಗೆ! ಬೂದು ಒಂದೊಂದು ಪೆಟ್ಟಿಗೂ ಬಂದು, ಮುಟ್ಟಿ, ಹೋಗುತ್ತೆ!”

“ಹೂಂ,” ಎಂದ ಫಿಟ್ಟರ್ ಕಿಟಕಿಯಾಚೆ. ಅವನ ಮುಖದಲ್ಲಿ ಮೊದಲ ಬಾರಿಗೆ ಒಂದು ನಗು ಸುಳಿಯಿತು.

“ಈಗ ಮಂಗಳವಾರದ ಹಾಗೆ,” ಎಂದರು ಚಿಕ್ಕಮ್ಮ. “ಬೂದು ಇರ್ಲಿ. ಡಿಕ್ಕಿ ತೆಗೀರಿ.”

ಡಿಕ್ಕಿಯ ಬಾಗಿಲು ಮೇಲೆದ್ದಿತು. ಕಾರಿನೊಳಗಿನ ದೀಪ ತಾನಾಗಿ ಹೊತ್ತಿತು. ಮುಚ್ಚಳದ ನೀರು ನಿಂತುಹೋಯಿತು. ಹಾಡಿನ ಕೆಳಗಿನ ಅರ್ಧವೇ ಬೀದಿಗೆ ಸೋರಿಹೋದಂತೆ ಸಪ್ಪೆ! ಆ ಸಪ್ಪೆಯ ನಡುವೆ ಪಕ್ಕದ ಟೈರ್ ಅಂಗಡಿಯವನ ದನಿ ತೇಲಿ ಬಂತು. ಇವತ್ತೂ ಯಾರನ್ನೋ ಬೈಯುತ್ತಿದ್ದ.

ಮಂಗಳವಾರವೂ ದೀಪ ಹೊತ್ತಿತ್ತು. ಅದರ ಬೆಳಕಿನಲ್ಲೇ ನಾನು ಆ ಕಾಗದವನ್ನು ಓದಿದ್ದು. ಕನ್ನಡಿ ಮಾತ್ರ ನನ್ನ ಮುಖ ನೋಡುತ್ತಿತ್ತು. ಬೆನ್ನ ಹಿಂದೆ ಬಾಗಿಲು ಬಾಯಿ ತೆರೆದಿದ್ದನ್ನು ತೋರಿಸಬೇಕಾದ ಕನ್ನಡಿ.

“ಈಗ ಕಪ್ಪು. ಡಿಕ್ಕಿ ಮುಚ್ಚಿ. ತಿರುಪು ಪೂರ್ತಿ ಮೇಲೆ. ಅರ್ಧ ನಿಮಿಷ ಸಾಕು, ಸುಟ್ಟುಹೋಗೋದು ಬೇಡ.”

ದೀಪ ಆರಿತು. ಟೈರ್ ಅಂಗಡಿಯವನು ಸತ್ತ. ಗುಡುಗು ಎದ್ದಿತು. ಅದೇ ಗುಡುಗು! ಮುಚ್ಚಳ ಕುಣಿದು ನೀರೆಲ್ಲ ನನ್ನ ಮಡಿಲಿಗೆ ಚೆಲ್ಲಿತು.

ಕಳವಾದ ವಸ್ತು ಸಿಕ್ಕಿತ್ತು.

ಚಿಕ್ಕಮ್ಮ ಕೆಳಗಿಳಿದು ಶ್ರವಣಯಂತ್ರವನ್ನು ಕಿವಿಗೆ ಕೂರಿಸಿಕೊಂಡರು.

“ಮೇಡಂ, ಡಿಕ್ಕಿ ತೆಗೆದಿದ್ದು ಇವನು,” ಎಂದ ಮಾಲೀಕ, ಬಾಮೈದನತ್ತ ಕೈ ಮಾಡಿ. “ಕೆಲಸ ಬರಲ್ಲ ಇವನಿಗೆ. ತಿರುಪೂ ಇವನೇ ತಿರುಗಿಸಿರ್ತಾನೆ. ಮನೆಯವಳ ತಮ್ಮ ಅಂತ ಸುಮ್ಮನಿದ್ದೀನಿ.”

ಬಾಮೈದನ ಕೈಯಿಂದ ಪೆಟ್ಟಿಗೆ ಕೆಳಗೆ ಬಿತ್ತು.

“ಭಾವ!” ಎಂದ. “ತೆಗೆದಿದ್ದು ನಾನೇ. ಬೂದು ಕೇಳಿಸೋವಾಗ ತೆಗೆದೇ ಇರ್ಲಿ ಅಂದಿದ್ದು ಯಾರು? ನೀನೇ ಅಲ್ವಾ? ಆ ಹಿಂದಿನ ಇಬ್ಬರಿಗೂ ಹಾಗೇ ಮಾಡಿಸ್ದೆ. ನಾನು ತಿರುಪು ಮುಟ್ಟಿಲ್ಲ. ಅಕ್ಕನ ಆಣೆ.”

“ಸುಳ್ಳು! ಯಾರು ಮುಟ್ಟಿದ್ರು ಅಂತ ಯಾರು ನೋಡಿದ್ರು?”

“ತಿರುಪೇ ನೋಡಿದೆ,” ಎಂದರು ಚಿಕ್ಕಮ್ಮ. ಕೈಚೀಲದಿಂದ ಬಿಲ್ಲನ್ನೂ ನನ್ನ ಪೆನ್ನನ್ನೂ ತೆಗೆದು ಕಾರಿನ ಮೇಲಿಟ್ಟರು. “ಮಂಗಳವಾರ ಒಂದು ಪೆನ್ನು ಬಿತ್ತಂತೆ. ನೀವು ಬಗ್ಗಿ ಹುಡುಕಿದ್ರಂತೆ. ಸೀಟಿನ ಕೆಳಗೆ. ಆಂಪ್ ಇರೋ ಜಾಗದಲ್ಲಿ. ಹತ್ತು ನಿಮಿಷ ಆದ ಮೇಲೆ ಬಿಲ್ಲು ಬರೆಯೋಕೆ ಇವನ ಪೆನ್ನು ಕೇಳಿದ್ರಿ. ನಿಮ್ಮದು ಎಲ್ಲಿ ಹೋಯ್ತು?”

ಮಾಲೀಕನ ಕೈ ಜೇಬಿಗೆ ಹೋಯಿತು. ಜೇಬಿನಲ್ಲಿ ಪೆನ್ನಿರಲಿಲ್ಲ, ಯಾವತ್ತೂ ಇದ್ದಂತೆ ಕಾಣಲಿಲ್ಲ.

“ಈ ಬಿಳಿ ಕಲೆ,” ಚಿಕ್ಕಮ್ಮ ಮುಂದುವರಿಸಿದರು, “ನಮ್ಮ ಹುಡುಗ ತನ್ನ ಪ್ಲಾಸ್ಟರ್ ಅಂತ ತಿಳ್ಕೊಂಡಿದ್ದ. ಮೂರು ದಿನದಿಂದ ಜೇಬಲ್ಲೇ ಇಟ್ಕೊಂಡು ಓಡಾಡ್ತಿದ್ದ. ಹಗಲೆಲ್ಲ ಬಿಳಿ ಮೆತ್ಕೊಳ್ಳೋನಿಗೆ ಬಿಳಿ ಕಂಡ್ರೆ ಅನುಮಾನ ಬರಲ್ಲ. ಪುಟ್ಟ, ನಿನ್ನ ತೋಳು ಕೊಡು.”

ನನ್ನ ಅಂಗಿಯ ತೋಳಿನ ತುದಿಯಲ್ಲಿ ಎಂದಿನಂತೆ ಪ್ಲಾಸ್ಟರ್ ಇತ್ತು. ಚಿಕ್ಕಮ್ಮ ಫಿಟ್ಟರಿನ ಎರಡನೇ ಸೀಸೆಯಿಂದ ಹತ್ತಿಗೆ ಒಂದಿಷ್ಟು ದ್ರವ ಅದ್ದಿ ನನ್ನ ತೋಳನ್ನು ಉಜ್ಜಿದರು. ಪ್ಲಾಸ್ಟರ್ ಕರಗಲಿಲ್ಲ, ಪುಡಿಯಾಗಿ ಉದುರಿತು. ಅದೇ ಹತ್ತಿಯ ಇನ್ನೊಂದು ಬದಿಯಿಂದ ಪೆನ್ನಿನ ಕುತ್ತಿಗೆಯನ್ನು ಉಜ್ಜಿದರು. ಬಿಳಿ ಕರಗಿ, ಹಾಲಿನಂತೆ ಹತ್ತಿಗೆ ಇಳಿಯಿತು.

“ಉಗುರಿನ ಬಣ್ಣ,” ಎಂದರು. “ಬಿಲ್ಲಿನ ಮೇಲಿರೋದನ್ನ ಅಳಿಸಲ್ಲ. ಅದು ಇರ್ಲಿ, ಬೇಕಾಗುತ್ತೆ. ಒಣಗದ ಚುಕ್ಕೆ ಮುಟ್ಟಿದ ಬೆರಳು ಯಾವುದೋ, ಈ ಬಿಲ್ಲು ಬರೆದ ಬೆರಳೂ ಅದೇ. ಬಿಲ್ಲು ಬರೆದೋರು ಯಾರು ಯಜಮಾನ್ರೇ?”

ಬಿಲ್ಲಿನ ಕೆಳಗೆ ಅವನ ಸಹಿ ಇತ್ತು. ದೊಡ್ಡ ಸಹಿ, ಕೆಳಗೆ ಎರಡು ಗೆರೆ ಎಳೆದದ್ದು.

ಪಕ್ಕದಲ್ಲಿ ಟೈರ್ ಅಂಗಡಿಯವನ ಬೈಗುಳವೂ ನಿಂತಿತ್ತು.

“ಆದರೆ ಯಾಕೆ?” ಎಂದೆ ನಾನು. “ನಾನು ಬೂದು ತಗೊಂಡಿದ್ರೂ ಇವರಿಗೆ ವ್ಯಾಪಾರವೇ ತಾನೆ?”

“ಬೂದು ಒಂದೇ ಸಲ ಮಾರಬಹುದು,” ಎಂದರು ಚಿಕ್ಕಮ್ಮ. “ಕಪ್ಪನ್ನ ಎಷ್ಟು ಸಲ ಬೇಕಾದ್ರೂ. ಮೊದಲು ಗುಡುಗು ತೋರಿಸಿ ಕಪ್ಪು ಮಾರೋದು. ಈ ಫಿಟ್ಟರ್ ತಿರುಪನ್ನ ಜಾಗಕ್ಕೆ ತಂದೇ ತರ್ತಾರೆ ಅಂತ ಇವರಿಗೆ ಗೊತ್ತು. ಗಿರಾಕಿ ಮನೆಗೆ ಹೋಗಿ, ಮೋಸ ಅಂತ ಓಡಿ ಬರ್ತಾನೆ. ಮೋಸ ಮಾಡಿದ್ದು ಫಿಟ್ಟರ್ ಅಂತ ಇವರು ತಲೆ ಚಚ್ಕೋತಾರೆ. ಕಪ್ಪು ಇಲ್ಲೇ ಬಿಡಿ, ಮೇಲೆ ಇಷ್ಟು ಹಾಕಿ, ಬೂದು ತಗೊಳ್ಳಿ. ಕಪ್ಪು ಮತ್ತೆ ಶೆಲ್ಫಿಗೆ. ಆ ಇಬ್ಬರೂ ಹಾಗೇ ಮಾಡಿದ್ರಾ?”

ಬಾಮೈದ ತಲೆಯಾಡಿಸಿದ. “ಇಬ್ಬರೂ ಕಪ್ಪು ಬಿಟ್ಟು ಹೋದ್ರು. ಅದರಲ್ಲಿ ಒಂದು...” ನನ್ನ ಕಾರಿನತ್ತ ನೋಡಿ ನಿಲ್ಲಿಸಿದ. ನನಗೆ ಅರ್ಥವಾಯಿತು. ನನ್ನ ಹೊಚ್ಚಹೊಸ ಸಬ್‌ವೂಫರಿಗೆ ನಾನು ಮೊದಲನೆಯವನಲ್ಲ.

“ಗಿರಾಕಿಗಳಿಗೆಲ್ಲ ಬೂದು ತಗೊಳ್ಳಿ ಅಂತ ನಿಜ ಹೇಳೋ ಬಾಯಿ ಈ ಶೆಡ್ಡಿನಲ್ಲಿ ಒಂದೇ,” ಎಂದರು ಚಿಕ್ಕಮ್ಮ. “ಮೂರನೇ ದೂರಿಗೆ ಅದನ್ನೂ ಹೊರಗೆ ಹಾಕಬಹುದು ಅನ್ನಿಸ್ತು ಇವರಿಗೆ. ಗುಡುಗಿನ ಕಳ್ಳ ಕೌಂಟರಿನಲ್ಲೇ ಕೂತಿದ್ದ ಪುಟ್ಟ. ನೀನು ಅವನ ಹತ್ರವೇ ದೂರು ಕೊಟ್ಟೆ.”

ಮಾಲೀಕ ಬೆವರು ಒರೆಸಿಕೊಂಡ. ಹಲ್ಲು ತೋರಿಸದ ಅದೇ ನಗು. ಕೌಂಟರಿನ ಮೇಲಿದ್ದ ಶೆಡ್ಡಿನ ಕೀಯನ್ನು ಬೆರಳಿನಿಂದ ಫಿಟ್ಟರಿನತ್ತ ದೂಡಿದ. “ಆಯ್ತು ಬಿಡಯ್ಯ. ಆಗಿದ್ದು ಆಗೋಯ್ತು. ಕೀ ಇಟ್ಕೋ.”

ಫಿಟ್ಟರ್ ಕೀ ಮುಟ್ಟಲಿಲ್ಲ.

“ಆ ಇಬ್ಬರಿಗೂ ಫೋನ್ ಮಾಡಿ,” ಎಂದ.

“ಏನು?”

“ನಾನು ಏನೂ ಬದಲಾಯಿಸಿಲ್ಲ ಅಂತ ಹೇಳಿ. ನನ್ನ ಮುಂದೆ. ಆಮೇಲೆ ಕೀ ವಿಷಯ.”

ಮಾಲೀಕ ಚಿಕ್ಕಮ್ಮನನ್ನು ನೋಡಿದ. ಚಿಕ್ಕಮ್ಮ ಬಿಲ್ಲನ್ನು ಮಡಚುತ್ತಿದ್ದರು, ಬಹಳ ನಿಧಾನವಾಗಿ. ಆತ ಫೋನ್ ತೆಗೆದು, ನಮಗೆ ಬೆನ್ನು ಮಾಡಿ, ಮೂಲೆಗೆ ಹೋಗಿ ಸಂಖ್ಯೆ ಒತ್ತಿದ.

ಒಂದು ವಿಷಯ ಮರೆತಿದ್ದ. ಫೋನು ಇನ್ನೂ ನನ್ನ ಕಾರಿಗೇ ಜೋಡಿಸಿಕೊಂಡಿತ್ತು.

“ಹಲೋ!” ಎಂದಿತು ನನ್ನ ಕಾರು, ಶೆಡ್ಡು ಮೊಳಗುವ ಹಾಗೆ. “ಏನ್ ಸಾರ್? ಆ ಕಳ್ಳ ಫಿಟ್ಟರ್‌ನ ಓಡಿಸಿದ್ರಾ ಇಲ್ವಾ?”

ಮಾಲೀಕ ಫೋನನ್ನು ಕಿವಿಗೊತ್ತಿ ಏನೋ ಪಿಸುಗುಟ್ಟಿದ. “ಏನೂ ಕೇಳಿಸ್ತಿಲ್ಲ ಸಾರ್! ಜೋರಾಗಿ ಹೇಳಿ!” ಎಂದಿತು ಕಾರು. ಟೈರ್ ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ಅವನ ಹಿಂದೆ ಇನ್ನಿಬ್ಬರು. ಆ ಕಾರಿನೊಳಗೆ ಕೂತು ಮಾತಾಡಿದರೆ ಮಾತ್ರ ಆಚೆಯವರಿಗೆ ಕೇಳಿಸುತ್ತದೆ ಎಂದು ಬಾಮೈದ ಭಾವನಿಗೆ ತಿಳಿಸಿಕೊಟ್ಟ. ಅಷ್ಟು ಸಂತೋಷದಿಂದ ಅವನು ಯಾವ ಗಿರಾಕಿಗೂ ಏನನ್ನೂ ವಿವರಿಸಿರಲಾರ.

ಮಾಲೀಕ ಕಾರಿನೊಳಗೆ ಕೂತ. ಬಾಗಿಲು ಎಳೆದುಕೊಂಡ. ಚಿಕ್ಕಮ್ಮ ಹಿಂದಕ್ಕೆ ಹೋಗಿ ಡಿಕ್ಕಿಯನ್ನು ಮೇಲೆತ್ತಿ ಬಿಟ್ಟರು.

“ಫಿಟ್ಟರ್ ತಪ್ಪಿಲ್ಲ ಸರ್,” ಎಂಬ ಮಾತು ಬೀದಿಗೆ ಸ್ಪಷ್ಟವಾಗಿ ಬಂತು. “ತಪ್ಪು... ತಪ್ಪು ನನ್ನದು.”

ಎರಡನೇ ಫೋನೂ ಹಾಗೇ ಆಯಿತು.

ಅದು ಮುಗಿದ ಮೇಲೆ ಫಿಟ್ಟರ್ ಬೂದು ಸಬ್‌ವೂಫರನ್ನು ಡಬ್ಬದಲ್ಲಿ ಗಟ್ಟಿಯಾಗಿ ಕೂರಿಸಿ, ಎಂಟು ತಿರುಪು ಬಿಗಿದು, ಸೀಟಿನ ಕೆಳಗೆ ಬಗ್ಗಿದ. ಮೀಟರು ನೋಡಿದ. ಬಿಳಿ ಚುಕ್ಕೆಗಳನ್ನು ಹೊಸದಾಗಿ ಇಟ್ಟ. ಮೇಲೆ ಹಾಕಬೇಕಾದ ಹಣದ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ಕೀ ಕೌಂಟರಿನ ಮೇಲೆ ಹಾಗೇ ಇತ್ತು. ಸಾಮಾನಿನ ಗಂಟು ಅವನ ಹೆಗಲ ಮೇಲಿತ್ತು. ಟೈರ್ ಅಂಗಡಿಯವನು ಅವನ ಜೊತೆ ಏನೋ ಮಾತಾಡುತ್ತಿದ್ದ. ತನ್ನ ಶೆಡ್ಡಿನ ಹಿಂದಿನ ಅರ್ಧ ಖಾಲಿ ಬಿದ್ದಿದೆ ಎಂಬಂಥದ್ದು. ಬೈಗುಳವಿಲ್ಲದ ಅವನ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಹತ್ತಿರ ಹೋದೆ. ಬೆಳಿಗ್ಗೆ ಅಷ್ಟು ಸಲೀಸಾಗಿ ಏರಿದ ದನಿ ಈಗ ಹೊರಡಲು ಒಪ್ಪಲಿಲ್ಲ.

“ನೀವು... ನಾನು ಬೆಳಿಗ್ಗೆ ಕೇಳ್ದೇನೇ ಅಂದುಬಿಟ್ಟೆ. ತಪ್ಪಾಯ್ತು.”

ಅವರು ಬೆರಳಿಗಂಟಿದ್ದ ಬಿಳಿಯನ್ನು ಹತ್ತಿಯಿಂದ ಒರೆಸಿಕೊಳ್ಳುತ್ತಿದ್ದರು. ಪೂರ್ತಿ ಒರೆಸುವವರೆಗೂ ತಲೆಯೆತ್ತಲಿಲ್ಲ.

“ಚುಕ್ಕೆ ಒಣಗೋಕೆ ಅರ್ಧ ಗಂಟೆ ಬೇಕು,” ಎಂದರು. “ಅಲ್ಲೀವರೆಗೆ ಯಾರೂ ಮುಟ್ಟಬಾರದು. ಆಮೇಲೂ ಮುಟ್ಟಬಾರದು.”

“ಹೂಂ,” ಎಂದೆ ನಾನು.